ಸರಿ ಎಂದ ವೈದ್ಯ

“ಬುದ್ಧಿ, ನಾಲ್ಕು ಕೆಲಸ ಒಟ್ಟಿಗೆ ಮಾಡಬಲ್ಲವನು ಒಂದೇ ಕೆಲಸ ಹಿಡಿದು ಕೂತರೆ ಅದು ಸೋಮಾರಿತನವಲ್ಲವೇ?”

ಹೀಗೆ ಕೇಳಿದವನು ನಿಜಗುಣನೆಂಬ ಶಿಷ್ಯ. ಅವನು ಮಠದ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ವಿದ್ಯಾರ್ಥಿನಿಲಯಕ್ಕೆ ಸೇರಲು ಬಂದ ಅರ್ಜಿಗಳು ಒಂದು ವಿಂಡೋದಲ್ಲಿ, ಭಕ್ತರ ಪತ್ರಗಳು ಇನ್ನೊಂದರಲ್ಲಿ, ಗುರುಗಳ ಪ್ರವಚನದ ಬರಹ ಮತ್ತೊಂದರಲ್ಲಿ ತೆರೆದೇ ಇರುತ್ತಿದ್ದವು. ದೂರದಿಂದ ಕರೆ ಮಾಡಿದ ಭಕ್ತರ ಮುಖ ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು. ಅವನು ಒಂದರಿಂದ ಒಂದಕ್ಕೆ ಸರಸರನೆ ಹೋಗಿ ಬರುವುದನ್ನು ನೋಡಿದವರು ಮೆಚ್ಚುತ್ತಿದ್ದರು. ಆ ದಿನ ಬೆಳಿಗ್ಗೆ ಗುರುಗಳು ಅವನ ಬೆನ್ನ ಹಿಂದೆ ಸ್ವಲ್ಪ ಹೊತ್ತು ನಿಂತಿದ್ದು, ಒಂದನ್ನು ಮುಗಿಸಿ ಇನ್ನೊಂದನ್ನು ತೆಗೆ ಎಂದಷ್ಟೇ ಹೇಳಿ ಹೋಗಿದ್ದರು. ಅವನು ಹಾಗೆಯೇ ಮಾಡಿದ. ಆದರೆ ಮಾತು ಮನಸ್ಸಿಗೆ ಒಪ್ಪಿರಲಿಲ್ಲ. ಸಂಜೆಯ ಪೂಜೆ ಮುಗಿದು ಎಲ್ಲರೂ ಎದ್ದು ಹೋದ ಮೇಲೆ ಅವನೊಬ್ಬನೇ ಉಳಿದು ಈ ಪ್ರಶ್ನೆ ಕೇಳಿದ.

ಗುರುಗಳು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಕುಳಿತುಕೊಳ್ಳುವಂತೆ ಕೈ ತೋರಿಸಿ, ಈ ಕತೆ ಹೇಳಿದರು.

ಒಬ್ಬ ವೈದ್ಯನಿದ್ದ. ಅವನು ಪಟ್ಟಣದಲ್ಲಿ ಕುಳಿತು, ಕಾಡಿನ ಅಂಚಿನ ಹಳ್ಳಿಗಳ ರೋಗಿಗಳನ್ನು ಕಂಪ್ಯೂಟರಿನಲ್ಲಿ ನೋಡುತ್ತಿದ್ದ. ಆ ಹಳ್ಳಿಗಳಿಗೆ ಬೇರೆ ವೈದ್ಯರು ಹೋಗುತ್ತಿರಲಿಲ್ಲ. ಒಂದೊಂದು ಹಳ್ಳಿಯಲ್ಲೂ ಒಂದು ಕೋಣೆ, ಅದರಲ್ಲೊಂದು ಕಂಪ್ಯೂಟರ್, ಒಬ್ಬ ನರ್ಸ್. ರೋಗಿ ಬಂದು ಪರದೆಯ ಮುಂದೆ ಕುಳಿತರೆ ವೈದ್ಯನ ಮುಖ ಕಾಣುತ್ತಿತ್ತು. ವೈದ್ಯನ ಪರದೆಯ ಮೇಲೆ ಆ ಹಳ್ಳಿಯ ವಿಂಡೋ ತೆರೆದುಕೊಳ್ಳುತ್ತಿತ್ತು. ರೋಗಿ ಹೇಳುತ್ತಿದ್ದ, ವೈದ್ಯ ಕೇಳುತ್ತಿದ್ದ, ನರ್ಸ್ ಮಾತ್ರೆ ಕೊಡುತ್ತಿದ್ದಳು.

ಒಬ್ಬರಾದ ಮೇಲೆ ಒಬ್ಬರನ್ನು ನೋಡಬೇಕೆಂಬುದು ಅಲ್ಲಿಯ ಪದ್ಧತಿ. ಮೊದಮೊದಲು ವೈದ್ಯ ಹಾಗೆಯೇ ನೋಡಿದ. ಆದರೆ ಅವನಿಗೆ ಕಾಯುವುದು ಕಷ್ಟವಾಯಿತು. ಮುದುಕರು ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರಬೇಕು. ಕಂಬಳಿ ತೆಗೆದಿಡಬೇಕು. ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಬೇಕು. ಏನಾಗುತ್ತಿದೆ ಎಂದು ಕೇಳಿದರೆ, ಯಾವ ಹಬ್ಬದ ಆಸುಪಾಸಿನಲ್ಲಿ ಶುರುವಾಯಿತು ಎಂದು ನೆನಪು ಮಾಡಿಕೊಳ್ಳಬೇಕು. ಅಷ್ಟು ಹೊತ್ತೂ ವೈದ್ಯ ಸುಮ್ಮನೆ ಕುಳಿತಿರಬೇಕಾಗಿತ್ತು. ಅತ್ತ ಬೇರೆ ಹಳ್ಳಿಗಳಲ್ಲಿ ಜನ ಜಗಲಿಯ ಮೇಲೆ ಕಾಯುತ್ತಿದ್ದರು. ಸಂಜೆಯಾಗುವ ಮೊದಲೇ ಕಾಡಿನ ದಾರಿ ದಾಟಬೇಕಾದವರು, ಸರದಿ ಬಾರದೆ ಎದ್ದು ಹೋಗುತ್ತಿದ್ದರು. ಅವರು ಎದ್ದು ಹೋದರೆಂದು ನರ್ಸ್ ಹೇಳಿದಾಗಲೆಲ್ಲ ವೈದ್ಯನಿಗೆ ಸಂಕಟವಾಗುತ್ತಿತ್ತು.

ಒಂದು ದಿನ ಅವನು ಎರಡನೆಯ ಹಳ್ಳಿಯ ವಿಂಡೋ ತೆರೆದ. ಇಲ್ಲಿ ಪಟ್ಟಿ ಕಟ್ಟುವ ಹೊತ್ತಿನಲ್ಲಿ ಅಲ್ಲಿಯವರ ಮಾತು ಕೇಳಿದ. ಅಲ್ಲಿಯವರು ನೆನಪು ಮಾಡಿಕೊಳ್ಳುವಾಗ ಇಲ್ಲಿಗೆ ಬಂದ. ಕೆಲಸ ನಡೆಯಿತು. ಸ್ವಲ್ಪ ದಿನದಲ್ಲಿ ಮೂರನೆಯದನ್ನೂ ತೆರೆದ, ಆಮೇಲೆ ನಾಲ್ಕನೆಯದನ್ನೂ. ನಾಲ್ಕನ್ನೂ ಒಟ್ಟಿಗೆ ಹರಡಿದರೆ ಮುಖಗಳು ಚಿಕ್ಕದಾಗಿ ಕಾಣುತ್ತವೆಂದು, ಒಂದರ ಹಿಂದೆ ಒಂದನ್ನು ಇಟ್ಟುಕೊಂಡ. ಎರಡು ಕೀಗಳನ್ನು ಒಟ್ಟಿಗೆ ಒತ್ತಿದರೆ ಹಿಂದಿನದು ಮುಂದೆ ಬರುತ್ತಿತ್ತು, ಮುಂದಿನದು ಹಿಂದೆ ಹೋಗುತ್ತಿತ್ತು. ದನಿಗಳು ಒಂದರಲ್ಲೊಂದು ಕಲೆಯಬಾರದೆಂದು, ಮುಂದಿರುವ ವಿಂಡೋದ ದನಿ ಮಾತ್ರ ತನಗೆ ಕೇಳುವಂತೆ, ತನ್ನ ದನಿಯೂ ಅಲ್ಲಿಗೆ ಮಾತ್ರ ಹೋಗುವಂತೆ ಮಾಡಿಕೊಂಡ. ಉಳಿದ ಮೂರು ಕಡೆ ಜನರ ತುಟಿ ಅಲ್ಲಾಡುತ್ತಿತ್ತು, ಅಷ್ಟೇ. ಹಿಂದೆ ಇದ್ದದ್ದರಿಂದ ಆ ತುಟಿಗಳೂ ಅವನಿಗೆ ಕಾಣುತ್ತಿರಲಿಲ್ಲ.

ರೋಗಿಗಳಿಗೆ ಇದು ತಿಳಿಯುತ್ತಿರಲಿಲ್ಲ. ಕ್ಯಾಮೆರಾ ಇದ್ದದ್ದು ಪರದೆಯ ಮೇಲ್ಗಡೆ, ಒಂದೇ. ವೈದ್ಯ ಯಾರನ್ನು ನೋಡಿದರೂ ನಾಲ್ಕು ಹಳ್ಳಿಯವರಿಗೂ ತನ್ನನ್ನೇ ನೋಡಿದಂತೆ ಕಾಣುತ್ತಿತ್ತು.

ವೈದ್ಯ ಕೆಟ್ಟವನಲ್ಲ. ಜಗಲಿಯ ಮೇಲೆ ಕಾಯುವವರು ಕಡಿಮೆಯಾದರು. ಸರದಿ ಬಾರದೆ ಎದ್ದು ಹೋಗುವವರು ಇಲ್ಲವಾದರು. ಜನ ಬೆಳಕಿದ್ದಾಗಲೇ ಮನೆ ಸೇರಿದರು. ಮೇಲಿನವರು ಅವನನ್ನು ಹೊಗಳಿ, ಅವನ ಬಳಿ ಕಲಿಯಲು ಎಳೆಯ ವೈದ್ಯರನ್ನು ಕಳಿಸಿದರು. ರೋಗಿ ಮಾತು ಹುಡುಕುವಾಗ ನೀವು ಅವನ ಜೊತೆ ಹುಡುಕುತ್ತಾ ಕೂರಬೇಡಿ, ಸಿಕ್ಕ ಮೇಲೆ ಹೋಗಿ ಕೇಳಿಸಿಕೊಳ್ಳಿ ಎಂದು ಅವನು ಅವರಿಗೆ ಹೇಳಿಕೊಟ್ಟ.

ಒಂದು ತೊಡಕು ಮಾತ್ರ ಇತ್ತು. ಕೆಲವೊಮ್ಮೆ ಅವನು ತಿರುಗಿ ಬರುವಷ್ಟರಲ್ಲಿ ರೋಗಿ ಹೇಳಿ ಮುಗಿಸಿ, ಉತ್ತರಕ್ಕಾಗಿ ಅವನ ಮುಖ ನೋಡುತ್ತಾ ಕುಳಿತಿರುತ್ತಿದ್ದ. ಆಗ ವೈದ್ಯ ಇನ್ನೊಮ್ಮೆ ಹೇಳಿ ಎನ್ನುತ್ತಿದ್ದ. ಅವರು ಹೇಳುತ್ತಿದ್ದರು. ಆದರೆ ಎರಡನೆಯ ಸಲ ಹೇಳುವ ಮಾತು ಮೊದಲಿನದಕ್ಕಿಂತ ಮೊಟಕಾಗಿರುತ್ತಿತ್ತು. ಕೆಲವರು ನಾಚಿ ಏನಿಲ್ಲ ಬಿಡಿ ಎಂದುಬಿಡುತ್ತಿದ್ದರು. ಒಬ್ಬ ಮುದುಕ, ನಿಮಗೂ ನನ್ನ ಹಾಗೆ ಕಿವಿ ಮಂದವೋ ಎಂದು ಕೇಳಿ ಕೋಣೆಯಲ್ಲಿದ್ದವರನ್ನೆಲ್ಲ ನಗಿಸಿದ. ವೈದ್ಯನೂ ನಕ್ಕ. ಆ ದಿನದಿಂದ ಅವನು ಇನ್ನೊಮ್ಮೆ ಹೇಳಿ ಎನ್ನುವುದನ್ನು ಬಿಟ್ಟ. ತಿರುಗಿ ಬಂದಾಗ ರೋಗಿ ಸುಮ್ಮನೆ ಕುಳಿತಿದ್ದರೆ, ಸರಿ ಎನ್ನುತ್ತಿದ್ದ. ಆಮೇಲೆ ಬೇರೊಂದು ಪ್ರಶ್ನೆ ಕೇಳುತ್ತಿದ್ದ. ಅದಕ್ಕೆ ಬಂದ ಉತ್ತರದಿಂದ, ತಾನು ಇಲ್ಲದಾಗ ಅವರು ಏನು ಹೇಳಿರಬಹುದೆಂದು ಊಹಿಸಿಕೊಳ್ಳುತ್ತಿದ್ದ. ಬುದ್ಧಿವಂತನಾದ್ದರಿಂದ ಊಹೆ ಹೆಚ್ಚು ಸಲ ಸರಿಹೋಗುತ್ತಿತ್ತು.

ಒಂದು ದಿನ ದುಂಡಮ್ಮ ಎಂಬ ಹೆಂಗಸು ಬಂದಳು. ಬಿದಿರು ಬುಟ್ಟಿ ಹೆಣೆಯುವವಳು, ನಡುವಯಸ್ಸಿನವಳು. ಬಹಳ ದಿನದಿಂದ ಹೋಗೋಣ ಬೇಡ ಎಂದು ಯೋಚಿಸಿ ಬಂದವಳ ಹಾಗೆ ಕುರ್ಚಿಯ ತುದಿಯಲ್ಲಿ ಕುಳಿತಳು. ವೈದ್ಯ ಏನೆಂದು ಕೇಳಿದ. ಸುಸ್ತು ಎಂದಳು, ಊಟ ಸೇರುವುದಿಲ್ಲ ಎಂದಳು. ಅವನು ಕಣ್ಣಿನ ರೆಪ್ಪೆ ಎಳೆದು ತೋರಿಸಲು ಹೇಳಿ, ರಕ್ತ ಕಡಿಮೆಯಿದೆ ಎಂದ. ಬೇರೆ ಏನಾದರೂ ಇದೆಯೇ ಎಂದೂ ಕೇಳಿದ. ಎಲ್ಲರನ್ನೂ ಹಾಗೆ ಕೇಳುವುದು ಅವನ ರೂಢಿ.

ದುಂಡಮ್ಮ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನರ್ಸಿನ ಕಡೆ ತಿರುಗಿ, ಸ್ವಲ್ಪ ಹೊರಗೆ ಇರುತ್ತೀಯಾ ತಾಯಿ ಎಂದು ಕೇಳಿದಳು. ನರ್ಸ್ ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ದುಂಡಮ್ಮ ಪರದೆಯ ಕಡೆ ತಿರುಗಿ ತಲೆ ತಗ್ಗಿಸಿದಳು.

ಇವಳು ಬಾಯಿ ಬಿಡಲು ಸಮಯ ಬೇಕು ಎಂದು ವೈದ್ಯನಿಗೆ ತಿಳಿಯಿತು. ಬೇರೊಂದು ಹಳ್ಳಿಯಲ್ಲಿ ಜ್ವರದ ಹುಡುಗಿಯೊಬ್ಬಳನ್ನು ಕೂರಿಸಿಕೊಂಡು ಅವಳ ತಾಯಿ ಕಾಯುತ್ತಿದ್ದಳು. ಅವನ ಬೆರಳು ಎರಡು ಕೀಗಳನ್ನು ಒತ್ತಿತು. ದುಂಡಮ್ಮ ಹಿಂದೆ ಹೋದಳು.

ಜ್ವರದ ಹುಡುಗಿಯ ವಿಷಯ ಅವನು ಅಂದುಕೊಂಡದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ಅವಳಿಗೆ ಔಷಧ ಹೇಳಿ ಅವನು ತಿರುಗಿ ಬಂದಾಗ ದುಂಡಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ತಲೆ ಎತ್ತಿ ಅವನನ್ನು ನೋಡಿದಳು. ಮುಖ ಹಗುರವಾಗಿತ್ತು. ಹೊತ್ತು ತಂದದ್ದನ್ನು ಇಳಿಸಿದವರ ಮುಖ ಹಾಗಿರುತ್ತದೆ.

ಅವಳು ಹೇಳಿ ಮುಗಿಸಿದ್ದಾಳೆಂದು ವೈದ್ಯನಿಗೆ ಗೊತ್ತಾಯಿತು. ಇನ್ನೊಮ್ಮೆ ಹೇಳಿ ಎನ್ನುವುದು ನಾಲಿಗೆಯ ತುದಿಗೆ ಬಂತು. ಆದರೆ ನರ್ಸನ್ನೂ ಹೊರಗೆ ಕಳಿಸಿ, ಅತ್ತು ಹೇಳಿದ ಮಾತನ್ನು, ನಾನು ಕೇಳಲಿಲ್ಲ ತಿರುಗಿ ಹೇಳು ಎನ್ನಲು ಅವನಿಗೆ ಮುಖ ಬರಲಿಲ್ಲ. ಬೇರೆ ಪ್ರಶ್ನೆ ಕೇಳಿ ತಿಳಿದುಕೊಳ್ಳೋಣವೆಂದರೆ, ಎಲ್ಲಿಂದ ಶುರು ಮಾಡಬೇಕೆಂದೇ ಹೊಳೆಯಲಿಲ್ಲ. ಉಳಿದ ಹಳ್ಳಿಗಳಲ್ಲಿ ಜನ ಕಾಯುತ್ತಿದ್ದರು.

ಸರಿ ಅಮ್ಮಾ, ಮಾತ್ರೆ ಬರೆದುಕೊಡುತ್ತೇನೆ ಎಂದ. ರಕ್ತ ಹೆಚ್ಚುವ ಮಾತ್ರೆ ಬರೆದ.

“ಅಷ್ಟೇ ಸಾಕಾ ಸ್ವಾಮಿ?” ಎಂದಳು ದುಂಡಮ್ಮ.

“ಸಾಕು. ಹೆದರಬೇಡಿ” ಎಂದ ವೈದ್ಯ.

ಅವಳು ಎದ್ದು ನಿಂತು, ದೇವರ ಮುಂದೆ ಮುಗಿಯುವಂತೆ ಕೈ ಮುಗಿದಳು. ನರ್ಸ್ ಒಳಗೆ ಬಂದು ಮಾತ್ರೆ ಕೊಟ್ಟು ಕಳಿಸಿದಳು.

ಅಂದು ಮನೆಗೆ ಹೋಗುವಾಗ ವೈದ್ಯನಿಗೆ ಅವಳ ನೆನಪಾಯಿತು. ನಾಳೆ ಅವಳನ್ನು ಮತ್ತೆ ಕರೆಸಬೇಕು ಅಂದುಕೊಂಡ. ಮಾರನೆಯ ದಿನ ಹೊಸ ಮುಖಗಳು ಬಂದವು. ಆಮೇಲೆ ಒಂದು ದಿನ ನೆನಪಾಗಿ ನರ್ಸಿಗೆ ಹೇಳಿದ. ಆ ಕುಟುಂಬ ಬಿದಿರು ಕಡಿಯಲು ಕಾಡಿನೊಳಗೆ ಹೋಗಿದೆ, ಬಂದ ಮೇಲೆ ಹೇಳುತ್ತೇನೆ ಎಂದಳು ಅವಳು. ಅಷ್ಟರಲ್ಲಿ ಆ ನರ್ಸಿಗೆ ಬೇರೆ ಊರಿಗೆ ವರ್ಗವಾಯಿತು. ಹೊಸ ನರ್ಸಿಗೆ ದುಂಡಮ್ಮ ಯಾರೆಂದು ಗೊತ್ತಿರಲಿಲ್ಲ. ವೈದ್ಯ, ತೊಂದರೆ ಇದ್ದರೆ ಅವಳೇ ಬರುತ್ತಾಳೆ ಎಂದು ಸಮಾಧಾನ ಮಾಡಿಕೊಂಡ. ಅವಳು ಬರಲಿಲ್ಲ.

ಮಳೆಗಾಲ ಕಳೆದ ಮೇಲೆ, ಬೇರೆ ಯಾವುದೋ ಮಾತಿನ ನಡುವೆ ಹೊಸ ನರ್ಸ್ ಹೇಳಿದಳು. ಬುಟ್ಟಿ ಹೆಣೆಯುವ ದುಂಡಮ್ಮ ತೀರಿಕೊಂಡಳು ಎಂದಳು. ಏನಾಗಿತ್ತು ಎಂದು ವೈದ್ಯ ಕೇಳಿದ. ಯಾರಿಗೂ ತಿಳಿಯದು, ಮನೆಯಲ್ಲೇ ನರಳಿ ಸತ್ತಳಂತೆ ಎಂದಳು ನರ್ಸ್.

ವೈದ್ಯ ಆ ದಿನ ಮತ್ತೆ ಯಾರನ್ನೂ ನೋಡಲಿಲ್ಲ. ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದ. ಬಸ್ಸು ನಿಂತ ಕಡೆ ಇಳಿದು, ಉಳಿದ ದಾರಿ ನಡೆದ. ಇಷ್ಟು ವರ್ಷ ಪರದೆಯಲ್ಲಿ ನೋಡಿದ ಹಳ್ಳಿಗೆ ಅವನು ಕಾಲಿಟ್ಟದ್ದು ಅದೇ ಮೊದಲು. ದಾರಿಯಲ್ಲಿ ಸಿಕ್ಕವರು ಅವನನ್ನು ಗುರುತು ಹಿಡಿದು ನಮಸ್ಕಾರ ಮಾಡಿದರು. ಅವನಿಗೆ ಯಾರ ಗುರುತೂ ಹತ್ತಲಿಲ್ಲ.

ದುಂಡಮ್ಮನ ಗಂಡ ಅಂಗಳದಲ್ಲಿ ಕುಳಿತು ಬಿದಿರು ಸೀಳುತ್ತಿದ್ದ. ವೈದ್ಯ ತಾನು ಯಾರೆಂದು ಹೇಳಿದ. ಗಂಡ ಕತ್ತಿ ಕೆಳಗಿಟ್ಟು ಎದ್ದ. ಚಾಪೆ ಹಾಸಿ ಕೂರಿಸಿ, ಮಗಳನ್ನು ಕರೆದು ನೀರು ತರಲು ಹೇಳಿದ. ವೈದ್ಯ ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದ. ಗಂಡ ಅವನ ಮುಂದೆ ಕೈಕಟ್ಟಿ ನಿಂತ.

“ಸಾಯೋವರೆಗೂ ನಿಮ್ಮ ಮಾತೇ ಆಡ್ತಿದ್ದಳು ಸ್ವಾಮಿ. ನಾನು ಹೇಳಿ ಮುಗಿಸೋವರೆಗೂ ಆ ಡಾಕ್ಟರು ನನ್ನ ಮುಖ ಬಿಟ್ಟು ಆ ಕಡೆ ಈ ಕಡೆ ನೋಡಲಿಲ್ಲ, ಅಂತಿದ್ದಳು” ಎಂದ.

ಗಂಡ ತಾನಾಗಿಯೇ ಉಳಿದದ್ದನ್ನು ಹೇಳಿದ. ಆ ದಿನ ಅವಳು ನಗುನಗುತ್ತಾ ಮನೆಗೆ ಬಂದಳಂತೆ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳಂತೆ. ಡಾಕ್ಟರು ಏನಂದರು ಎಂದು ಕೇಳಿದ್ದಕ್ಕೆ, ಎಲ್ಲ ಹೇಳಿದೆ, ಸರಿ ಅಂದರು, ಹೆದರಬೇಡ ಅಂದರು ಎಂದಳಂತೆ. ಏನು ಹೇಳಿದೆ ಎಂದರೆ ಬಾಯಿ ಬಿಡಲಿಲ್ಲ. ಹೆಂಗಸರ ವಿಷಯ ಇರಬೇಕು ಎಂದು ಗಂಡ ಒತ್ತಾಯ ಮಾಡಲಿಲ್ಲ. ಆಮೇಲೆ ನೋವು ಹೆಚ್ಚಿತು. ದೊಡ್ಡ ಆಸ್ಪತ್ರೆಗೆ ಹೋಗೋಣ, ಗಾಡಿ ಗೊತ್ತು ಮಾಡುತ್ತೇನೆ ಎಂದು ಗಂಡ ಹೇಳಿದ. ಅವಳು ಒಪ್ಪಲಿಲ್ಲ. ಒಬ್ಬ ಡಾಕ್ಟರು ಪೂರ್ತಿ ಕೇಳಿ ಸಾಕು ಅಂದಿದ್ದಾರೆ, ಇನ್ನೊಬ್ಬರ ಮುಂದೆ ಹೋಗಿ ಇದನ್ನೇ ತಿರುಗಿ ಹೇಳುವ ಶಕ್ತಿ ನನಗಿಲ್ಲ ಎಂದಳು. ಕೊಟ್ಟ ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಮುಗಿದ ಮೇಲೆ ಹಳೆಯ ಚೀಟಿ ಕೊಟ್ಟು ಹಳ್ಳಿಯ ಕೋಣೆಗೆ ಮಗಳನ್ನು ಕಳಿಸಿ ಅದೇ ಮಾತ್ರೆ ತರಿಸಿಕೊಂಡು ನುಂಗಿದಳು.

ಇಷ್ಟು ಹೇಳಿ ಗಂಡ ವೈದ್ಯನ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತ.

“ಒಂದು ಮಾತು ಕೇಳಬೇಕು ಅಂತಿದ್ದೆ. ದೇವರು ನಿಮ್ಮನ್ನೇ ಕಳಿಸಿದ. ಅವಳು ನಿಮ್ಮ ಹತ್ತಿರ ಏನು ಹೇಳಿದಳು ಸ್ವಾಮಿ?”

ವೈದ್ಯ ಅಷ್ಟು ದೂರ ನಡೆದು ಬಂದದ್ದು ಅದನ್ನೇ ಕೇಳಲು. ಮನೆಯವರಿಗಾದರೂ ಹೇಳಿರುತ್ತಾಳೆ ಎಂದು ಅವನು ನಂಬಿದ್ದ. ಅವನಿಗೆ ಒಂದು ಕ್ಷಣ ಏನಾದರೂ ಕಟ್ಟಿ ಹೇಳಿಬಿಡೋಣ ಅನ್ನಿಸಿತು. ಹೊಟ್ಟೆನೋವು ಎಂದರೆ ಗಂಡ ನಂಬುತ್ತಿದ್ದ. ಮಗಳ ಚಿಂತೆ ಎಂದರೂ ನಂಬುತ್ತಿದ್ದ. ಆ ಹೊತ್ತಿಗೆ ಮಗಳು ಚೊಂಬಿನಲ್ಲಿ ನೀರು ತಂದು ಮುಂದಿಟ್ಟು, ತಾನೂ ಉತ್ತರ ಕೇಳಲು ಬಾಗಿಲಿಗೆ ಒರಗಿ ನಿಂತಳು.

“ನಾನು ಕೇಳಿಸಿಕೊಳ್ಳಲಿಲ್ಲ” ಎಂದ ವೈದ್ಯ.

“ಮಿಷನ್ ಕೆಟ್ಟಿತ್ತಾ?”

“ಇಲ್ಲ. ಮಿಷನ್ ಸರಿಯಾಗಿತ್ತು. ನಾನು ಆಗ ಬೇರೆಯವರನ್ನು ನೋಡುತ್ತಿದ್ದೆ.”

ಗಂಡನಿಗೆ ಇದು ಅರ್ಥವಾಗಲಿಲ್ಲ. ತನ್ನ ಮುಖವನ್ನೇ ನೋಡುತ್ತಿದ್ದರು ಎಂದು ಹೆಂಡತಿ ಹೇಳಿದ್ದಳು. ಹೆಂಡತಿ ಸುಳ್ಳು ಹೇಳುವವಳಲ್ಲ. ಎದುರಿಗೆ ಕುಳಿತವನೂ ಸುಳ್ಳು ಹೇಳುವಂತೆ ಕಾಣಲಿಲ್ಲ. ಅವನು ಬಹಳ ಹೊತ್ತು ವೈದ್ಯನನ್ನು ನೋಡಿದ. ವೈದ್ಯ ಪರದೆಯ ವಿಷಯ, ಹಿಂದೆ ಮುಂದೆ ಮಾಡುವ ವಿಷಯ, ಕಾಯುತ್ತಿದ್ದ ಜನರ ವಿಷಯ ಎಲ್ಲವನ್ನೂ ವಿವರಿಸಲು ಹೊರಟು, ನಡುವೆ ನಿಲ್ಲಿಸಿದ. ತಾನು ಹೇಳುತ್ತಿರುವುದು ತನ್ನ ಕಿವಿಗೇ ಹಿಡಿಸಲಿಲ್ಲ. ಗಂಡ ಬೈಯಲಿಲ್ಲ. ಅಳಲಿಲ್ಲ. ಕತ್ತಿ ತೆಗೆದುಕೊಂಡು ಅರ್ಧಕ್ಕೆ ಬಿಟ್ಟಿದ್ದ ಬಿದಿರನ್ನು ಸೀಳತೊಡಗಿದ. ಮಗಳು ಒಳಗೆ ಹೋದಳು. ವೈದ್ಯ ನೀರು ಕುಡಿಯಲಿಲ್ಲ. ಎದ್ದು ಬಂದ. ಹೋಗಿ ಬನ್ನಿ ಎಂದು ಯಾರೂ ಹೇಳಲಿಲ್ಲ.

ಪಟ್ಟಣಕ್ಕೆ ಬಂದ ಮೇಲೆ ಅವನು ಒಂದೇ ವಿಂಡೋ ಇಟ್ಟುಕೊಂಡ. ರೋಗಿ ಎಷ್ಟು ಹೊತ್ತು ತಡೆದರೂ ಕಾದ. ಆದರೆ ಅದು ಅವನಿಗೆ ಒಗ್ಗಲಿಲ್ಲ. ಯಾರಾದರೂ ಮಾತು ಹುಡುಕಲು ಶುರು ಮಾಡಿದರೆ ಅವನ ಬೆರಳು ತಾನಾಗಿ ಆ ಎರಡು ಕೀಗಳ ಮೇಲೆ ಹೋಗುತ್ತಿತ್ತು. ಕೈ ಕಟ್ಟಿಕೊಂಡು ಕುಳಿತರೆ ಮನಸ್ಸು ಎದ್ದು ಹೋಗುತ್ತಿತ್ತು. ಕೇಳಿಸಿಕೊಂಡೆನೋ ಇಲ್ಲವೋ ಎಂಬ ಅನುಮಾನ ಹತ್ತಿ, ಚೆನ್ನಾಗಿ ಕೇಳಿದ ಮಾತನ್ನೂ ಇನ್ನೊಮ್ಮೆ ಹೇಳಿ, ಮತ್ತೊಮ್ಮೆ ಹೇಳಿ ಎಂದು ಪೀಡಿಸುತ್ತಿದ್ದ. ರೋಗಿಗಳಿಗೆ ಬೇಸರವಾಯಿತು. ಈ ಡಾಕ್ಟರಿಗೆ ಮೊದಲಿನ ಚುರುಕು ಇಲ್ಲ ಎಂದರು. ಜಗಲಿಯ ಮೇಲೆ ಜನ ಮತ್ತೆ ಸೇರಿದರು. ಸರದಿ ಬಾರದೆ ಎದ್ದು ಹೋಗುವವರು ಮತ್ತೆ ಎದ್ದು ಹೋದರು.

ಇಲ್ಲಿ ನಿಜಗುಣ ತಡೆದು ಕೇಳಿದ. ಹಾಗೆ ಎದ್ದು ಹೋದವರಲ್ಲೂ ಯಾರಾದರೂ ಸತ್ತಿರಬಹುದಲ್ಲವೇ, ಅವರ ಲೆಕ್ಕ ಯಾರ ತಲೆಯ ಮೇಲೆ ಎಂದ. ಸತ್ತಿರಬಹುದು ಎಂದರು ಗುರುಗಳು. ಅದನ್ನು ವೈದ್ಯನೂ ಯೋಚಿಸಿದ್ದ, ಯೋಚಿಸಿ ಅವನಿಗೆ ದಾರಿ ಸಿಗಲಿಲ್ಲ ಎಂದರು. ಅಷ್ಟು ಹೇಳಿ ಕತೆಯನ್ನು ಮುಂದುವರಿಸಿದರು.

ಮೇಲಿನವರು ಕೆಲವು ತಿಂಗಳು ನೋಡಿದರು. ಆಮೇಲೆ ಅವನನ್ನು ಆ ಕುರ್ಚಿಯಿಂದ ಎಬ್ಬಿಸಿ, ಔಷಧದ ಉಗ್ರಾಣ ನೋಡಿಕೊಳ್ಳಲು ಹಾಕಿದರು. ಅವನ ಜಾಗಕ್ಕೆ, ಅವನ ಬಳಿಯೇ ಕೆಲಸ ಕಲಿತ ಎಳೆಯ ವೈದ್ಯನೊಬ್ಬ ಬಂದ. ಅವನು ಬಲು ಚುರುಕು. ಹಳೆಯ ವೈದ್ಯ ಒಂದೆರಡು ಸಲ ಅವನ ಕೋಣೆಯ ಬಾಗಿಲಿಗೆ ಹೋಗಿ ದುಂಡಮ್ಮನ ವಿಷಯ ಹೇಳಬೇಕೆಂದು ನಿಂತ. ಎಳೆಯ ವೈದ್ಯ ಪರದೆಯಿಂದ ಕಣ್ಣು ತೆಗೆಯದೆ, ಹೇಳಿ ಸಾರ್, ಕೇಳುತ್ತಿದ್ದೇನೆ ಎಂದ. ಹಳೆಯ ವೈದ್ಯ ಏನೂ ಇಲ್ಲ ಎಂದು ಹೇಳಿ ಹಿಂದಕ್ಕೆ ಬಂದ. ಉಗ್ರಾಣದಲ್ಲಿ ಕುಳಿತು ದಿನ ಕಳೆದ. ಅಲ್ಲಿ ಅವನಿಗೆ ಏನನ್ನಾದರೂ ಹೇಳಿಕೊಳ್ಳಲು ಯಾರೂ ಬರುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣ ಇನ್ನೂ ಏನೋ ಬರುತ್ತದೆ ಎಂದು ಕಾದ. ಬರಲಿಲ್ಲ. ಅವನು ತನ್ನ ಮೊದಲ ಪ್ರಶ್ನೆಯನ್ನು ಮರೆತಿದ್ದ.

“ಬುದ್ಧಿ, ಆ ತಾಯಿ ಹೇಳಿದ್ದಾದರೂ ಏನು?” ಎಂದು ಕೇಳಿದ.

“ಅವಳು ಅದನ್ನು ಒಬ್ಬರಿಗೆ ಮಾತ್ರ ಹೇಳಿದ್ದಳಲ್ಲಪ್ಪ” ಎಂದರು ಗುರುಗಳು.